ಅರ್ಧ ಕ್ಷೌರದ ಮತದಾರ

ಟೈಲರ್ ಹೇಳಿದ ಆ ಸುಳ್ಳಿಗಿಂತ ಚೊಕ್ಕವಾದ ಸುಳ್ಳನ್ನು ಭೂಮಿ ಹುಟ್ಟಿದಾಗಿನಿಂದ ಯಾರೂ ಹೇಳಿಲ್ಲ. ಅಳತೆ ಸರಿ, ಹೊಲಿಗೆ ಗಟ್ಟಿ, ಎಲ್ಲೂ ನೂಲು ಹೊರಗೆ ಕಾಣುತ್ತಿರಲಿಲ್ಲ.

ಅವತ್ತು ಮತದಾನ. ಅವನ ಹೆಂಡತಿಯ ಅಣ್ಣ ವಾರ್ಡಿಗೆ ನಿಂತಿದ್ದ. "ಅಣ್ಣ ಸೋತರೆ ಮನೆ ಕಡೆ ತಲೆ ಹಾಕಬೇಡಿ" ಎಂದು ಹೆಂಡತಿ ಬೆಳಗ್ಗೆಯೇ ಹೇಳಿಬಿಟ್ಟಿದ್ದಳು. ಎದುರಂಗಡಿಯ ಕ್ಷೌರಿಕ ಎದುರು ಪಕ್ಷದವನು. ಅವನ ಒಂದು ವೋಟು ತಪ್ಪಿದರೂ ಲಾಭವೇ ಎಂದು ಟೈಲರ್ ಹೋಗಿ ಕ್ಷೌರದ ಕುರ್ಚಿಯಲ್ಲಿ ಕೂತ.

"ಗೊತ್ತಾಯ್ತಾ? ನಮ್ಮ ಬೀದಿಯ ವೋಟು ನಾಳೆಗೆ ಹೋಯ್ತಂತೆ. ಮಷೀನು ಕೆಟ್ಟಿದೆ."

"ಅಯ್ಯೋ, ಹೌದಾ ಗುರೂ? ಹೇಳಿದ್ದು ಒಳ್ಳೇದಾಯ್ತು ನೋಡು" ಎಂದ ಕ್ಷೌರಿಕ. ಯಾರದೋ ತಲೆಗೆ ಬಣ್ಣ ಹಚ್ಚಿ ಅವನ ಹತ್ತೂ ಬೆರಳು ಇದ್ದಿಲಿನಷ್ಟು ಕಪ್ಪಾಗಿದ್ದವು. ಕತ್ತರಿ ಎತ್ತಿಕೊಂಡ.

ಬಲಗಡೆ ಮುಗಿಯುವಷ್ಟರಲ್ಲಿ ಬಾಗಿಲ ಮುಂದೆ ಬೇಕರಿಯವ ಹಾದ.

"ಏನಣ್ಣ, ವೋಟಿಗಾ? ವಾಪಸ್ ಹೋಗು, ನಾಳೆಯಂತೆ! ಟೈಲರೇ ಹೇಳ್ತಿದಾನೆ. ಅಭ್ಯರ್ಥಿಯ ತಂಗಿ ಗಂಡ, ಸುಳ್ಳು ಹೇಳ್ತಾನಾ?" ಎಂದು ಕ್ಷೌರಿಕ ಕೂಗಿದ.

ಬೇಕರಿಯವ ಟೈಲರ್‌ನ ಭಾವನ ಪಕ್ಕಾ ಮತ. ತಿರುಗಿ ಹೋದ. ನಿವೃತ್ತ ಮೇಷ್ಟ್ರು ತಿರುಗಿದರು. ಮೇಷ್ಟ್ರ ಹಿಂದೆ ಬಂದ ಮೂವರು ಸೊಸೆಯರೂ ತಿರುಗಿದರು. ತನ್ನ ಪಕ್ಷದವರು ಹಾದಾಗ ಮಾತ್ರ ಕ್ಷೌರಿಕ ಬಾಯಲ್ಲಿ ಬಾಚಣಿಗೆ ಕಚ್ಚಿಕೊಂಡು ಸುಮ್ಮನಿರುತ್ತಿದ್ದ. ಟೈಲರ್ ತುಟಿ ಬಿಚ್ಚುವಂತಿಲ್ಲ. ಬಿಚ್ಚಿದರೆ ತನ್ನ ಸುಳ್ಳೇ ಬಯಲು.

ಹೆಂಡತಿಯ ಫೋನು ಬಂತು. "ರೀ, ಅಣ್ಣನ ಜನ ಎಲ್ಲಾ ಮನೇಲಿ ಕಾಲು ಚಾಚ್ಕೊಂಡು ಮಲಗಿದಾರಲ್ರೀ! ಯಾವ ಹಾಳಾದವನು ನಾಳೆ ಅಂದಿದ್ದು?"

ಟೈಲರ್ ದಡಕ್ಕನೆ ಎದ್ದ. ಅರ್ಧ ತಲೆ ಕಾಡು, ಅರ್ಧ ತಲೆ ಬಯಲು, ಕೊರಳಲ್ಲಿ ಕ್ಷೌರದ ಬಟ್ಟೆ. ಆ ಓಟ ಕಂಡ ಕುದುರೆಗಳು ಆಮೇಲೆ ನಾಚಿಕೆಯಿಂದ ಓಡುವುದನ್ನೇ ಬಿಟ್ಟವು. "ಇವತ್ತೇ! ವೋಟು ಇವತ್ತೇ!" ಎಂದು ಮನೆಮನೆ ಬಾಗಿಲು ಬಡಿದ. ಮೇಷ್ಟ್ರನ್ನು ಮಂಚದಿಂದಲೇ ಎತ್ತಿ ನಿಲ್ಲಿಸಿದ. ಅಷ್ಟೂ ಜನರನ್ನು ಮತಗಟ್ಟೆಗೆ ಅಟ್ಟಿ, ಕೊನೆಗೆ ತಾನೂ ಸಾಲಿನಲ್ಲಿ ನಿಂತ. ಭುಜದ ಮೇಲೆ ಕೈ ಬಿತ್ತು.

"ಬೆಳಗ್ಗೆ ನಾಳೆ ಅಂದೋನೂ ನೀನೇ, ಈಗ ಇವತ್ತು ಅಂದೋನೂ ನೀನೇ ಏನಯ್ಯಾ?" ಎಂದ ಪೊಲೀಸ್. "ಮತದಾನದ ದಿನದ ಬಗ್ಗೆ ಸುಳ್ಳು ಹೇಳಿ ಒಬ್ಬನ ವೋಟು ತಪ್ಪಿಸಿದ್ರೂ ಜೈಲು. ಕಾನೂನು ಇದೆ. ನಡಿ."

ಠಾಣೆಯಲ್ಲಿ ವಿಚಾರಣೆ ಸಾಗುತ್ತಿರುವಾಗಲೇ ಮತಗಟ್ಟೆ ಮುಚ್ಚಿತು. ಕ್ಷೌರಿಕನನ್ನು ಕರೆಸಿದರು.

"ನಿನ್ನ ವೋಟು ತಪ್ಪಿತಾ?"

"ನಂದಾ? ಅಂಗಡಿ ತೆಗೆಯೋ ಮುಂಚೇನೇ ಹಾಕ್ಬಿಟ್ಟೆ ಸಾರ್." ಅಲ್ಲೇ ನಲ್ಲಿಯಲ್ಲಿ ಕೈ ಉಜ್ಜಿ ಉಜ್ಜಿ ತೊಳೆದ. ಒಂಬತ್ತು ಬೆರಳು ಬಿಳುಪಾದವು. ಒಂದರ ಉಗುರಿನ ಮೇಲೆ ಮತಗಟ್ಟೆಯ ಶಾಯಿ ಹಾಗೇ ಉಳಿಯಿತು.

ಪೊಲೀಸ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಬೇಕರಿಯವನೂ ಹಾಕಿದಾನೆ, ಮೇಷ್ಟ್ರ ಮನೆಯವರೂ ಹಾಕಿದಾರೆ. ಹಾಗಾದ್ರೆ ಈ ಸುಳ್ಳಿಂದ ವೋಟು ಕಳಕೊಂಡೋರು ಯಾರಯ್ಯಾ?"

ಟೈಲರ್ ತನ್ನ ಬೆರಳು ನೋಡಿಕೊಂಡ. ಅದು ತೊಳೆದಿಟ್ಟ ಲೋಟದ ಹಾಗೆ ಸ್ವಚ್ಛವಾಗಿತ್ತು.

"ಸರಿಹೋಯ್ತು. ಆರೋಪಿ ನೀನೇ, ಅನ್ಯಾಯ ಆದೋನೂ ನೀನೇ. ನಿನ್ನ ಮೇಲೆ ನೀನೇ ದೂರು ಕೊಡ್ತೀಯಾ?"

"ಬೇಡ ಸಾರ್. ನನ್ನನ್ನ ನಾನು ಕ್ಷಮಿಸಿದೀನಿ."

"ದೂರಿಲ್ಲ ಅಂದ್ರೆ ಕೇಸಿಲ್ಲ. ಹೊರಡು" ಎಂದು ಪೊಲೀಸ್ ಪೆನ್ನು ಮುಚ್ಚಿದ.

ಟೈಲರ್ ಕೊರಳಿನ ಬಟ್ಟೆ ಬಿಚ್ಚಿ, ಹಗುರಾಗಿ ಬಾಗಿಲ ಕಡೆ ತಿರುಗಿದ. ಬಾಗಿಲಲ್ಲಿ ಹೆಂಡತಿ ನಿಂತಿದ್ದಳು.

"ಪೆನ್ನು ತೆಗೀರಿ ಸಾರ್, ದೂರು ನಾನು ಕೊಡ್ತೀನಿ. ನಮ್ಮಣ್ಣನಿಗೆ ಒಂದು ವೋಟು ಕಡಿಮೆ ಆಗಿದೆ."