ರೀಫಂಡಿನ ಹಲ್ಲು

೧೯೮೭ರಲ್ಲಿ, ಎಂಟನೇ ಕ್ಲಾಸಿನ ಅರ್ಧವಾರ್ಷಿಕ ಪರೀಕ್ಷೆ ಹತ್ತಿರ ಬಂದಾಗ, ನಾನು ಓದು ನಿಲ್ಲಿಸಿದೆ. ಓದೇ ನನ್ನನ್ನು ಬಿಟ್ಟಿತು ಎಂದು ನೊಣವಿನಕೆರೆಯಲ್ಲಿ ಕೆಲವರು ಹೇಳುವುದುಂಟು. ನಂಬಬೇಡಿ. ಕ್ಲೀನರ್ ಆಗಿ ಲಾರಿ ಹತ್ತಿದವನು ಡ್ರೈವರ್ ಆದೆ, ಆಮೇಲೆ ಸಾಲ ಮಾಡಿ ಸ್ವಂತ ಲಾರಿಗೇ ಮಾಲೀಕನಾದೆ. ತೋಟಗಳಿಂದ ತೆಂಗಿನಕಾಯಿ ಸಿಪ್ಪೆ ತುಂಬಿಕೊಂಡು ಹೋಗಿ ನಾರಿನ ಕಾರ್ಖಾನೆಯಲ್ಲಿ ಸುರಿಯುವುದು ನನ್ನ ಕಸುಬು. ಜೊತೆಗೆ, ಪ್ರತಿ ವರ್ಷ ಆದಾಯ ತೆರಿಗೆ ರಿಟರ್ನ್ ಸಲ್ಲಿಸುವ ಗೌರವವೂ ನನಗಿದೆ. ಊರಿನಲ್ಲಿ ಡಿಗ್ರಿ ಮಾಡಿದ ಎಷ್ಟೋ ಜನಕ್ಕೆ ಆ ಗೌರವವಿಲ್ಲ!

ವಿಷಯ ಸರಳ. ಕಾರ್ಖಾನೆಯವರು ನನ್ನ ಪ್ರತಿ ಬಿಲ್ಲಿನಲ್ಲೂ ನೂರಕ್ಕೊಂದು ರೂಪಾಯಿ ತೆರಿಗೆ ಎಂದು ಹಿಡಿದು ಸರ್ಕಾರಕ್ಕೆ ಕಟ್ಟುತ್ತಾರೆ. ವರ್ಷ ಮುಗಿದ ಮೇಲೆ ನಾನು ರಿಟರ್ನ್ ಹಾಕಿದರೆ, ಇವನಿಗೆ ತೆರಿಗೆ ಬೀಳುವಷ್ಟು ಆದಾಯವಿಲ್ಲವೆಂದು ಸರ್ಕಾರ ಅದನ್ನು ವಾಪಸು ಕೊಡುತ್ತದೆ. ಅದಕ್ಕೆ ರೀಫಂಡ್ ಎಂದು ಹೆಸರು. ಇಂಥವನು ಬಡವ ಎಂದು ದೆಹಲಿಯವರೆಗೂ ಗೊತ್ತಾದದ್ದಕ್ಕೆ ಸಿಗುವ ಬಹುಮಾನ ಎಂದೂ ಹೇಳಬಹುದು.

ಈ ವರ್ಷ ಏಪ್ರಿಲ್‌ನಲ್ಲಿ ನನ್ನ ಹೆಂಡತಿ ಗೌರಮ್ಮ ಹಾಲು ಕರೆಯುತ್ತಿದ್ದಾಗ ಹಸು ಹಿಂದಕ್ಕೆ ತಿರುಗಿ ತಲೆ ಕೊಡವಿತು. ಕೊಂಬು ಬಡಿದು ಅವಳ ಮುಂದಿನ ಎರಡು ಹಲ್ಲು ಹೋದವು. ಶ್ರಾವಣದಲ್ಲಿ ಅವಳ ತಂಗಿಯ ಮಗಳ ಮದುವೆ ಬೇರೆ ನಿಶ್ಚಯವಾಗಿತ್ತು.

"ರೀ, ಮದ್ವೆ ಒಳಗೆ ಹಲ್ಲು ಕಟ್ಟಿಸ್ಬುಡಿ. ಬೀಗರ ಮುಂದೆ ಬಾಯಿಗೆ ಸೆರಗು ಮುಚ್ಕಂಡು ನಿಂತ್ಕಳಕಾಯ್ತದಾ?" ಎಂದಳು.

"ಮುದ್ದೆ ನುಂಗಕ್ಕೆ ಹಲ್ಲು ಯಾಕೇ?" ಎಂದೆ.

ಅವಳು ನೋಡಿದ ನೋಟಕ್ಕೆ ಹಸುವೇ ಎರಡು ಹೆಜ್ಜೆ ಹಿಂದೆ ಸರಿಯಿತು. ನಾನು ಕೂಡಲೇ ಘೋಷಣೆ ಹೊರಡಿಸಿದೆ: "ಆಯ್ತು ಕಣೇ. ಈ ಸಲದ ರೀಫಂಡಲ್ಲೇ ನಿನ್ ಹಲ್ಲು. ಸರ್ಕಾರದ ದುಡ್ಡಲ್ಲಿ ನಗ್ತೀಯ, ನೋಡ್ತಿರು!"

"ಸರ್ಕಾರದ್ ದುಡ್ಡು ಬರೋತಂಕ ಯಾಕ್ ಕಾಯ್ಬೇಕು? ಬೀರುನಲ್ಲಿ ಇಟ್ಟಿರೋದ್ರಲ್ಲೇ ಕಟ್ಟಿಸಿ."

"ಗಂಡ್ಸು ಒಂದ್ಸಲ ಹೇಳಿದ್ ಮೇಲೆ ಮುಗೀತು."

ಮುಗಿಯಿತು ಎಂದುಕೊಂಡೆ. ಅದು ಶುರು.

ಸರ್ಕಾರದ ವಿಚಾರದಲ್ಲಿ ನನಗೆ ಒಂದು ಪಾಠವಾಗಿತ್ತು. ಹಿಂದೊಂದು ಸಲ ಬೆಂಬಲ ಬೆಲೆಗೆ ಕೊಬ್ಬರಿ ಕೊಡಲು ಹೆಸರು ನೋಂದಾಯಿಸುವಾಗ ಜನ ಬೆಳಕು ಹರಿಯುವ ಮೊದಲೇ ಹೋಗಿ ಸಾಲಿನಲ್ಲಿ ಚಪ್ಪಲಿ, ಕಲ್ಲು, ಟವೆಲ್ಲು ಇಟ್ಟು ಜಾಗ ಹಿಡಿದಿದ್ದರು. ನಾನು ತಿಂಡಿ ತಿಂದು ನಿಧಾನವಾಗಿ ಹೋದೆ. ನಾನು ತಲುಪುವಾಗ ನೋಂದಣಿ ಬಂದ್! ನಮ್ಮ ಕೊಬ್ಬರಿ ಸಿಕ್ಕ ಬೆಲೆಗೆ ಹೋಯಿತು. ಅಂದೇ ಪ್ರತಿಜ್ಞೆ ಮಾಡಿದೆ. ಸರ್ಕಾರ ಏನೇ ಕೊಡಲಿ, ಮೊದಲ ಚಪ್ಪಲಿ ನನ್ನದೇ ಆಗಿರಬೇಕು.

ಹಾಗಾಗಿ ರಿಟರ್ನಿನ ಹೊಸ ಫಾರಂ ಬಿಟ್ಟಿದ್ದಾರೆಂದು ಮೊಬೈಲಿನಲ್ಲಿ ಕಂಡ ಮರುದಿನವೇ, ಕೋಳಿ ಕೂಗುವ ಹೊತ್ತಿಗೆ ತಿಪಟೂರಿಗೆ ಹೋಗಿ ಆಡಿಟರ್ ಮಂಜುನಾಥಯ್ಯನವರ ಆಫೀಸಿನ ಬಾಗಿಲಲ್ಲಿ ನನ್ನ ಚಪ್ಪಲಿ ಇಟ್ಟೆ. ಟೀ ಕುಡಿದು ಬಂದು ನೋಡಿದರೆ ಸಾಲಿನಲ್ಲಿ ಸದರಿ ಚಪ್ಪಲಿಗಳು ಮಾತ್ರ ಇದ್ದವು. ಜನ ಎಷ್ಟು ಸೋಮಾರಿಗಳು ಎಂದು ಮರುಗಿದೆ. ಹತ್ತೂವರೆಗೆ ಆಡಿಟರು ಬಂದು ಚಪ್ಪಲಿ ದಾಟಿ ಬೀಗ ತೆಗೆದರು.

"ಏನ್ ನಂಜುಂಡಣ್ಣ, ಇಷ್ಟ್ ಬೇಗ? ಜೂನ್ ಅರ್ಧ ಕಳೀಲಿ, ಬನ್ನಿ. ಕೊನೇ ಮೂರು ತಿಂಗಳು ಹಿಡಿದ ತೆರಿಗೆ ಲೆಕ್ಕಾನ ಕಾರ್ಖಾನೆಯೋರು ಇನ್ನೂ ಇಲಾಖೆಗೆ ಕೊಟ್ಟಿಲ್ಲ. ಅವರು ಕೊಟ್ಟ ಮೇಲೆ ನಿಮ್ಮ ಹೆಸರಲ್ಲಿ ಪೂರ್ತಿ ಕಾಣ್ತದೆ. ಆಗ ಹಾಕಿದ್ರೆ ಎಲ್ಲಾ ತಾಳೆಯಾಗಿ ಪೂರ್ತಿ ದುಡ್ಡು ಬರ್ತದೆ. ಕೊನೇ ದಿನಾಂಕಕ್ಕೆ ಬೇಕಾದಷ್ಟು ಟೈಮಿದೆ."

"ಅಲ್ಲೀತಂಕ ಕಾದ್ರೆ ಬೇರೆಯೋರೆಲ್ಲಾ ಬಾಚ್ಕಂಡು ಖಾಲಿ ಮಾಡಿರ್ತಾರೆ, ಸ್ವಾಮಿ!"

"ಅದು ನಿಮ್ಮದೇ ದುಡ್ಡು ಕಣ್ರೀ. ಬೇರೆಯೋರು ಹೆಂಗೆ ಬಾಚ್ಕಂತಾರೆ?"

ಕೊಬ್ಬರಿ ನೋಂದಣಿ ಕಂಡವನಿಗೆ ಈ ಮಾತು ಹೇಳಬಾರದು. ಚಪ್ಪಲಿ ಮೆಟ್ಟಿಕೊಂಡು ನೇರವಾಗಿ ಬಸ್ ಸ್ಟಾಂಡಿನ ಹತ್ತಿರ ಅರ್ಜಿ ತುಂಬಿಕೊಡುವ ಲೋಕೇಶನ ಕಂಪ್ಯೂಟರ್ ಅಂಗಡಿಗೆ ನಡೆದೆ.

"ಇಲ್ಲಿ ಒಂಬತ್ತು ತಿಂಗಳದ್ದೇ ತೋರಿಸ್ತೈತೆ ಕಣಣ್ಣ," ಎಂದ ಲೋಕೇಶ.

"ಹನ್ನೆರಡು ತಿಂಗಳೂ ಹಿಡ್ದವ್ರೆ ಕಣಪ್ಪ. ನನ್ ಬಿಲ್ಲು ನಂಗೊತ್ತಿಲ್ವಾ? ಹನ್ನೆರಡೂ ಹಾಕು."

"ನೀವ್ ಹೇಳ್ದಂಗೆ ಹಾಕ್ತೀನಿ. ಆಮೇಲೆ ನನ್ನ ಕೇಳ್ಬ್ಯಾಡಿ."

ಕೇಳುವ ಪ್ರಶ್ನೆಯೇ ಇಲ್ಲ! ರಿಟರ್ನ್ ಸ್ವೀಕೃತವಾಗಿದೆ ಎಂಬ ಮೆಸೇಜು ಬಂದ ತಕ್ಷಣ ಊರಿನ ಟೀ ಅಂಗಡಿಯಲ್ಲಿ ಎಲ್ಲರಿಗೂ ಟೀ ಹೇಳಿದೆ. ಅಲ್ಲಿಂದಲೇ ಹಂದನಕೆರೆಯ ನನ್ನ ಭಾವನಿಗೆ, ಎಂದರೆ ಗೌರಿಯ ಅಣ್ಣ ಶಾಂತಪ್ಪನಿಗೆ, ಫೋನ್ ಮಾಡಿದೆ. ಅವರದ್ದೂ ಲಾರಿ, ಅದೂ ಅದೇ ಕಾರ್ಖಾನೆಗೆ ಓಡುತ್ತದೆ. ಓಡುತ್ತದೆ ಎನ್ನುವುದು ಸೌಜನ್ಯಕ್ಕೆ. ಆ ಲಾರಿಯನ್ನು ಎತ್ತಿನ ಗಾಡಿ ಓವರ್‌ಟೇಕ್ ಮಾಡಿದ್ದನ್ನು ನಾನೇ ಕಂಡಿದ್ದೇನೆ.

"ಭಾವ, ರಿಟರ್ನ್ ಹಾಕಿದ್ರಾ?"

"ಜೂನ್ ಕಳೀಲಿ ಬುಡಿ ಭಾವ. ಆಡಿಟರು ಹೇಳವ್ರೆ."

"ನಂದು ಆಗೋಯ್ತು! ಹೋಬಳಿಗೇ ಫಸ್ಟು!"

"ಹೌದಾ? ಫಸ್ಟ್ ಬಂದೋರಿಗೆ ಏನಾರ ಜಾಸ್ತಿ ಕೊಡ್ತಾರಾ?"

ಹೊಟ್ಟೆಕಿಚ್ಚು ಎಂದು ಫೋನ್ ಇಟ್ಟೆ.

ಉತ್ಸಾಹ ಇಳಿಯುವ ಮೊದಲೇ ಗೌರಿಯನ್ನು ತಿಪಟೂರಿನ ಹಲ್ಲಿನ ಡಾಕ್ಟರಲ್ಲಿಗೆ ಕರೆದುಕೊಂಡು ಹೋಗಿ ಅಳತೆ ಕೊಡಿಸಿದೆ. "ತಯಾರು ಮಾಡಿಡಿ ಡಾಕ್ಟ್ರೇ. ಸರ್ಕಾರದಿಂದ ಹಣ ಬಿಡುಗಡೆಯಾದ ಕೂಡಲೇ ಬತ್ತೀನಿ," ಎಂದೆ. ಡಾಕ್ಟರು ನನ್ನನ್ನು ಯಾವುದೋ ಯೋಜನೆಯ ಫಲಾನುಭವಿ ಎಂದುಕೊಂಡರೋ ಏನೋ, ತುಂಬಾ ಮರ್ಯಾದೆಯಿಂದ ಕಳಿಸಿಕೊಟ್ಟರು.

ಕೆಲವೇ ದಿನಗಳಲ್ಲಿ ರೀಫಂಡ್ ಬಂತು. ಅರ್ಧ!

ಉಳಿದ ಅರ್ಧ ಯಾಕಿಲ್ಲ ಎಂದು ಲೋಕೇಶನನ್ನು ಕೇಳಿದೆ. ಕೇಳಬೇಡಿ ಎಂದಿದ್ದೆನಲ್ಲ ಎಂದ. ಬಲವಂತ ಮಾಡಿದ್ದಕ್ಕೆ ಓದಿ ಹೇಳಿದ: ನಾನು ಹನ್ನೆರಡು ತಿಂಗಳ ತೆರಿಗೆ ಕೇಳಿದ್ದೇನೆ, ಇಲಾಖೆಯ ಲೆಕ್ಕದಲ್ಲಿ ಒಂಬತ್ತೇ ತಿಂಗಳದ್ದು ಇದೆ, ಆದ್ದರಿಂದ ಅಷ್ಟೇ ಕೊಟ್ಟಿದ್ದಾರೆ. ನನ್ನ ಗ್ರಹಚಾರಕ್ಕೆ, ಭರ್ಜರಿ ಬಾಡಿಗೆ ಓಡಿದ್ದೇ ಆ ಕೊನೆಯ ಮೂರು ತಿಂಗಳು. ಹೋಗಲಿ, ಬಂದ ಅರ್ಧದಲ್ಲಿ ಒಂದು ಹಲ್ಲಾದರೂ ಆಗುತ್ತದೆಂದು ಬ್ಯಾಂಕಿಗೆ ಹೋದರೆ, ಅದನ್ನು ಲಾರಿ ಸಾಲದ ಕಂತು ಬಾಗಿಲಲ್ಲೇ ಹಿಡಿದು ನುಂಗಿತ್ತು. ಅದಕ್ಕೆ ಹಲ್ಲು ಚೆನ್ನಾಗಿದ್ದವು.

ಬುದ್ಧಿವಂತನಾದವನು ಆಗ ಸುಮ್ಮನಿರುತ್ತಿದ್ದ. ನಾನು ಅಂದೇ ತಿದ್ದುಪಡಿ ಅರ್ಜಿ ಹಾಕಿಸಿದೆ. ಕಾರ್ಖಾನೆಯವರ ಲೆಕ್ಕ ಇನ್ನೂ ಹೋಗಿರಲಿಲ್ಲವಾದ್ದರಿಂದ ಅದು ತಿರಸ್ಕೃತವಾಯಿತು. ಇನ್ನೊಂದು ಹಾಕಿಸಿದೆ. ಅದೂ ತಿರಸ್ಕೃತ. ಅರ್ಜಿಗೆ ಇಷ್ಟೆಂದು ಲೋಕೇಶನಿಗೆ ಕೊಡುತ್ತಾ ಬಂದದ್ದರಿಂದ ಅವನ ಅಂಗಡಿಗೆ ಹೊಸ ಫ್ಯಾನ್ ಬಂತು.

ಇತ್ತ ಡಾಕ್ಟರ ಆಸ್ಪತ್ರೆಯಿಂದ ವಾರಕ್ಕೊಂದು ಫೋನು. "ನಿಮ್ಮ ಮನೆಯವರ ಹಲ್ಲು ರೆಡಿ ಇದೆ, ಬಂದು ಹಾಕಿಸ್ಕೊಳ್ಳಿ."

"ನಾನ್ ನೊಣವಿನಕೆರೇಲಿ, ನನ್ ಹಲ್ಲು ತಿಪಟೂರಲ್ಲಿ!" ಎಂದಳು ಗೌರಿ. "ಅಲ್ಲ ಕಣ್ರೀ, ಅಟ್ಟದ ಮೇಲಿನ ಕಾಯಿ ಒಣಗಿ ಕೊಬ್ಬರಿ ಆಗ್ಲಿ ಅಂತ ವರ್ಷಗಟ್ಲೆ ಕಾಯ್ತೀರಿ. ಕಿವಿ ಹತ್ರ ಇಟ್ಟು ಅಲ್ಲಾಡ್ಸಿ, ಒಳಗೆ ಗಡಗಡ ಅಂದ್ರೇನೇ ಒಡೆಯೋದು. ಈ ರಿಟರ್ನ್ ಒಂದನ್ನ ಹಸೀದೇ ಒಡೆದ್ರಲ್ಲ, ಏನ್ ಹೇಳನ ನಿಮ್ಗೆ?"

"ಅದು ಬ್ಯಾರೆ, ಇದು ಬ್ಯಾರೆ ಕಣೇ," ಎಂದೆ. ಹೇಗೆ ಬೇರೆ ಎಂದು ಅವಳು ಕೇಳಲಿಲ್ಲ. ಅಷ್ಟು ದೊಡ್ಡ ಮನಸ್ಸು.

ಜೂನ್‌ನಲ್ಲಿ ಕಾರ್ಖಾನೆಯ ಲೆಕ್ಕ ಬಂತು. ಆಡಿಟರ ಹತ್ತಿರ ತಲೆ ಬಗ್ಗಿಸಿಕೊಂಡು ಹೋದೆ. ಹೊಸದಾಗಿ ಹಾಕುವ ರಿಟರ್ನ್ ಬೇಗ ಮುಗಿಯುತ್ತದೆ, ತಿದ್ದುಪಡಿ ಮಾತ್ರ ಅದರ ಸರದಿ ಬಂದಾಗ ಎನ್ನುತ್ತಾ ಇನ್ನೊಂದು ತಿದ್ದುಪಡಿ ಹಾಕಿಕೊಟ್ಟರು. ಸರದಿ! ನನ್ನ ಚಪ್ಪಲಿ ಈಗ ಎಲ್ಲರಿಗಿಂತ ಹಿಂದೆ.

ಶಾಂತಪ್ಪ ಭಾವ ಜುಲೈ ಮೊದಲ ವಾರ ಆಕಳಿಸುತ್ತಾ ಹೋಗಿ ರಿಟರ್ನ್ ಹಾಕಿದರಂತೆ. ಮೂರು ಕಾಸೂ ಕಡಿಮೆಯಾಗದೆ ಪೂರ್ತಿ ರೀಫಂಡ್ ಬಂತಂತೆ. ಅದೂ ಮದುವೆಗೆ ಮುಂಚೆ.

ಮದುವೆ ತೀರಾ ಹತ್ತಿರ ಬಂದಾಗ ನನ್ನ ಶಪಥವನ್ನು ಸದ್ದಿಲ್ಲದೆ ಹಿಂಪಡೆಯಲು ತೀರ್ಮಾನಿಸಿದೆ. ಬೀರುವಿನ ಬೀಗದ ಕೈ ಹುಡುಕುತ್ತಿದ್ದೆ. ಹೊರಗೆ ಲಾರಿ ನಿಂತ ಸದ್ದಾಯಿತು. ಗೌರಿ ಒಳಗೆ ಬಂದು ನಕ್ಕಳು. ಎರಡು ಹೊಸ ಹಲ್ಲು ಫಳಫಳ!

"ಅಣ್ಣಯ್ಯ ತಿಪಟೂರಿಗೆ ಕರ್ಕಂಡೋಗಿ ಹಾಕ್ಸಿದ," ಎಂದಳು. "ಅವನ ರೀಫಂಡಲ್ಲಿ."

ಹಿಂದಿನಿಂದ ಭಾವ ನಿಧಾನವಾಗಿ ಬಂದರು. "ಬೇಜಾರ್ ಮಾಡ್ಕಬ್ಯಾಡಿ ಭಾವ. ಹೆಂಗೂ ಸರ್ಕಾರದ ದುಡ್ಡೇ ಅಲ್ವಾ? ನಿಮ್ ಮಾತು ಉಳೀತು."

ಮದುವೆಯ ಅಷ್ಟೂ ಫೋಟೋಗಳಲ್ಲಿ ಗೌರಿ ನಗುತ್ತಿದ್ದಾಳೆ. ಮಂಗಳಾರತಿ ಫೋಟೋದಲ್ಲಿ ಕೂಡ. "ಸಾರ್, ನೀವೂ ಸ್ವಲ್ಪ ನಗಿ," ಎಂದು ಫೋಟೋದವನು ನನ್ನನ್ನು ಬೇಡಿಕೊಂಡ.

ಈಗ ನನ್ನ ಬಳಿ ಇರುವುದು ಇಷ್ಟು. ಲಾರಿ ಒಂದು. ತೆಂಗಿನ ಮರ ನಲವತ್ತು. ತಲೆ ಕೊಡವುವ ಹಸು ಒಂದು. ಇಲಾಖೆಯಿಂದ ಬಂದ ಮೆಸೇಜು ಏಳು. ಬರಬೇಕಾದ ರೀಫಂಡ್ ಅರ್ಧ, ಅದು ಪರಿಶೀಲನೆಯಲ್ಲಿದೆ. ನನ್ನ ಸ್ವಂತ ಹಲ್ಲು ಮೂವತ್ತೊಂದು. ಎಲ್ಲವೂ ಗಟ್ಟಿಯಾಗಿವೆ, ಒಂದೂ ಹೊರಗೆ ಕಾಣುವುದಿಲ್ಲ.