ಶನಿಯಾಚೆಯ ದಳಪತಿಗೆ ರಜೆ

ಲತಾಮಣಿಯ ಕಾದಂಬರಿ ಓದದವರು ಅರಸೀಕೆರೆಯಲ್ಲಿ ಇನ್ನೂ ಯಾರಾದರೂ ಉಳಿದಿದ್ದರೆ ಅದು ಅವಳ ತಪ್ಪಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವ ಈ ಮಹಾತಾಯಿ, ಉತ್ತರಪತ್ರಿಕೆ ತಿದ್ದುವ ಕೈಯಲ್ಲೇ ಎರಡು ವರ್ಷ ಕೂತು ‘ಶನಿಯಾಚೆಯ ದಂಡು’ ಎಂಬ ಮುನ್ನೂರ ಹನ್ನೆರಡು ಪುಟದ ಬಾಹ್ಯಾಕಾಶ ಯುದ್ಧಕಾದಂಬರಿ ಬರೆದಿದ್ದಳು. ರಕ್ಷಾಪುಟದ ಮೇಲೆ ‘ಐದು ಸಂಪುಟಗಳ ಮಾಲೆಯಲ್ಲಿ ಮೊದಲನೆಯದು’ ಎಂದು ಅಚ್ಚು ಹಾಕಿಸಿದ್ದಳು (ಉಳಿದ ನಾಲ್ಕರಲ್ಲಿ ಏನಾಗುತ್ತದೆಂದು ಅವಳಿಗೂ ಗೊತ್ತಿರಲಿಲ್ಲ). ಹಾಲಿನವನಿಂದ ಹಿಡಿದು ಹೆಡ್‌ಮಾಸ್ತರರವರೆಗೆ ಸಿಕ್ಕವರ ಕೈಗೆಲ್ಲ ಒಂದೊಂದು ಪ್ರತಿ ತುರುಕಿ, ಮೂರನೇ ದಿನದಿಂದಲೇ “ಹೇಗಿದೆ? ಹೇಗಿದೆ?” ಎಂದು ಬೆನ್ನು ಹತ್ತಿದಳು. ಹಾಲಿನವನು ಪ್ಯಾಕೆಟ್ಟನ್ನು ಗೇಟಿಗೆ ಸಿಕ್ಕಿಸಿ ಓಡುವುದನ್ನು ಕಲಿತ.

ಅಭಿಪ್ರಾಯಗಳಿಗೇನೂ ಬರವಿರಲಿಲ್ಲ. ಕನ್ನಡ ಮೇಷ್ಟ್ರು ಇಂದುಧರ, ಮೂವತ್ತೇಳು ಕಾಗುಣಿತದ ತಪ್ಪುಗಳಿಗೆ ಕೆಂಪು ಶಾಯಿಯಲ್ಲಿ ಸುತ್ತುಹಾಕಿ ಪುಸ್ತಕವನ್ನೇ ವಾಪಸು ಕೊಟ್ಟರು. “ಶತ್ರುಗಳು ‘ಧಾಳಿ’ ಮಾಡಬಾರದು ಮೇಡಂ, ‘ದಾಳಿ’ ಮಾಡಬೇಕು. ನಿಮ್ಮ ಯುದ್ಧದಲ್ಲಿ ಸೈನಿಕರ ಪ್ರಾಣಕ್ಕಿಂತ ಮಹಾಪ್ರಾಣವೇ ಜಾಸ್ತಿ ಪೋಲಾಗಿದೆ.”

ಪಕ್ಕದ ಮನೆಯ ವೆಂಕಟಲಕ್ಷ್ಮಮ್ಮನವರು ಶನಿಯ ಹೆಸರು ಕಣ್ಣಿಗೆ ಬೀಳದಂತೆ ಪುಸ್ತಕಕ್ಕೆ ಹಳೇ ಕ್ಯಾಲೆಂಡರಿನ ಹಾಳೆ ಹೊದಿಸಿ, ಶನಿವಾರಗಳನ್ನು ಬಿಟ್ಟು ಉಳಿದ ದಿನ ಓದಿ ಮುಗಿಸಿದರು. “ಚೆನ್ನಾಗಿದೆ ಕಣಮ್ಮ. ಅಷ್ಟು ಹತ್ತಿರ ಹೋಗಿ ಒಂದು ಎಳ್ಳುದೀಪ ಹಚ್ಚದೆ ಬಂದ್ರಲ್ಲ, ಅದಕ್ಕೇ ಸೋತಿದ್ದು ನೋಡು,” ಎಂದು ಯುದ್ಧತಂತ್ರದ ಲೋಪವನ್ನು ಎತ್ತಿ ತೋರಿಸಿದರು.

ಆದರೆ ಲತಾಮಣಿಗೆ ಬೇಕಾಗಿದ್ದದ್ದು ಒಬ್ಬನೇ ಒಬ್ಬನ ಅಭಿಪ್ರಾಯ. ಅವಳ ಗಂಡ ರವಿಕುಮಾರ್ ಸೈನ್ಯದಲ್ಲಿ ಹವಾಲ್ದಾರ್. ಉತ್ತರದ ಗಡಿಯಲ್ಲಿ, ರೇಷನ್ ಸ್ಟೋರಿನ ಉಸ್ತುವಾರಿ. ಮನೆಗೆ ಬಂದು ಹೋಗಿ ಹತ್ತು ತಿಂಗಳಾಗಿತ್ತು. ಅಚ್ಚಿನ ಮೊದಲ ಪ್ರತಿ ಅಂಚೆಯಲ್ಲಿ ಅವನಿಗೇ ಹೋಗಿತ್ತು. ಅವನು ಫೋನು ಮಾಡಿದಾಗಲೆಲ್ಲ ಇದೇ ಮಾತು.

“ಓದಿದ್ರಾ?”

“ಓದ್ತಾ ಇದೀನಿ ಕಣೇ. ಅವ್ವನ ಮಂಡಿನೋವು ಹೆಂಗಿದೆ?”

“ಮಂಡಿ ಬಿಡಿ. ಎಲ್ಲೀವರೆಗೆ ಬಂತು? ಉಲ್ಕೆಗಳ ಕಾಳಗ ಆಯ್ತಾ?”

ಅಷ್ಟು ಹೊತ್ತಿಗೆ ಸಿಗ್ನಲ್ ಹೋಗುತ್ತಿತ್ತು. ಪ್ರತಿ ಸಲವೂ ಅದೇ ಜಾಗದಲ್ಲಿ ಹೋಗುವ ಸಿಗ್ನಲ್ಲಿನ ಮೇಲೆ ಅವಳಿಗೆ ಅನುಮಾನ ಬರತೊಡಗಿತು. “ಸೈನ್ಯದವರಿಗೆ ಸೈನ್ಯದ ಕಥೆ ಓದೋಕೆ ಏನು ಕಷ್ಟ ಅತ್ತೆ?” ಎಂದು ಅತ್ತೆ ಮಾರಮ್ಮನ ಮುಂದೆ ಗೋಳಾಡಿದಳು. ಅವರೆಕಾಯಿ ಬಿಡಿಸುತ್ತಿದ್ದ ಮಾರಮ್ಮ “ಊಂ” ಎಂದಳು. ಅವಳಿಗೆ ಓದು ಬಾರದು. ಲತಾಮಣಿಯೇ ಇಡೀ ಕಾದಂಬರಿಯನ್ನು ಓದಿ ಹೇಳಿದ್ದಳು. ಮುನ್ನೂರ ಹನ್ನೆರಡು ಪುಟಕ್ಕೂ ಆ ಒಂದೇ “ಊಂ” ಬಂದಿತ್ತು.

ಹೀಗಿರುವಾಗ ಬೇಲೂರಿನ ಓದುಗರ ಬಳಗದಿಂದ ಏಕಾಂತಯ್ಯನವರ ಫೋನು ಬಂತು. ಭಾನುವಾರ ಅವಳ ಪುಸ್ತಕದ ಮೇಲೆ ಚರ್ಚೆ, ಲೇಖಕಿ ಬರಲೇಬೇಕು. ಅದೇ ವಾರ ರವಿಕುಮಾರನಿಗೂ ರಜೆ ಸಿಗುವುದಿತ್ತು. “ಬಂದೇ ಬರ್ತೀನಿ. ಎಲ್ಲರ ಮುಂದೆ ನಿಂತು ಹೇಳ್ತೀನಿ,” ಎಂದ. ಲತಾಮಣಿ ಅವನ ನೀಲಿ ಅಂಗಿಗೆ ಎರಡು ಸಲ ಇಸ್ತ್ರಿ ಹಾಕಿದಳು.

ಗುರುವಾರ ಅವನ ಫೋನು ಬಂತು. “ಇಲ್ಲಿ ಗಲಾಟೆ ಕಣೇ. ಇಂಥ ಹೊತ್ತಲ್ಲಿ ರಜೆ ಎಲ್ಲಿ ಕೊಡ್ತಾರೆ?”

“ನಿಮ್ಮ ಸಾಹೇಬರಿಗೆ ಹೆಂಡ್ತಿ ಇಲ್ವಾ? ಕರುಳಿಲ್ವಾ? ಮನುಷ್ಯರೇನ್ರೀ ಅವರು?”

ರವಿಕುಮಾರ್ ಅವ್ವನ ಮಂಡಿನೋವು ವಿಚಾರಿಸಿದ. ಸಿಗ್ನಲ್ ಮಾತ್ರ ಸರಿಯಾಗಿಯೇ ಇತ್ತು.

ಭಾನುವಾರ ಅತ್ತೆ ಸೊಸೆ ಇಬ್ಬರೇ ಜಾವಗಲ್ಲು, ಹಳೇಬೀಡಿನ ಮೇಲೆ ಹೋಗುವ ಬಸ್ಸು ಹತ್ತಿದರು. ಮೂವರು ಕೂರುವ ಸೀಟಿನಲ್ಲಿ ನಡುವೆ ಜಾಗ ಉಳಿಯಿತು. ಹಳೇಬೀಡಿನಲ್ಲಿ ಯಾರೋ ಬಂದು ಅಲ್ಲಿ ಕೂತಾಗ ಲತಾಮಣಿಗೆ ಕಾರಣವಿಲ್ಲದೆ ಸಿಟ್ಟು ಬಂತು.

ಬೇಲೂರಿನ ಸಭೆಯಲ್ಲಿ ಹತ್ತೊಂಬತ್ತು ಮಂದಿಯಿದ್ದರು (ಅವರಲ್ಲಿ ನಾಲ್ವರು ದೇವಸ್ಥಾನ ನೋಡಲು ಬಂದು ಬಿಸಿಲಿಗೆ ಹೆದರಿ ಒಳಗೆ ನುಗ್ಗಿದವರು). ಒಬ್ಬರು ಯುದ್ಧನೌಕೆಗಳ ವೇಗ ಸಾಲದು ಎಂದರು. ಇನ್ನೊಬ್ಬರು ಅತಿಯಾಯಿತು ಎಂದರು. ಕೊನೆಗೆ ಏಕಾಂತಯ್ಯನವರು ಸೌಜನ್ಯಕ್ಕೆ, “ಅಜ್ಜಿಯವರು ಏನಾದ್ರೂ ಹೇಳ್ತೀರಾ?” ಎಂದು ಕೇಳಿದರು. ಮಾರಮ್ಮ ಎದ್ದೇಬಿಟ್ಟಳು.

“ನಂಗೆ ಓದಾಕೆ ಬರಕಿಲ್ಲ ಸ್ವಾಮಿ. ಇವ್ಳೇ ಓದಿ ಹೇಳವ್ಳೆ. ಆ ದಳಪತಿ ರುದ್ರಸೇನ ಅನ್ನೋ ಹುಡ್ಗ ಹನ್ನೊಂದು ವರ್ಸದಿಂದ ಆಕಾಸದಾಗೆ ಅವ್ನೆ. ಅವನ ಹೆಂಡ್ರು ಬಾಗ್ಲಾಗೆ ನಿಂತವ್ಳೆ. ಒಂದ್ಸಲನಾದ್ರೂ ಅವನ್ನ ಮನೆಗೆ ಕಳಿಸಬಾರದಾ ಇವ್ಳು?”

“ಅತ್ತೆ, ಅದು ಯುದ್ಧ! ಇಂಥ ಹೊತ್ತಲ್ಲಿ ರಜೆ ಎಲ್ಲಿ ಕೊಡ್ತಾರೆ?” ಎಂದುಬಿಟ್ಟ ಲತಾಮಣಿ, ತನ್ನ ಮಾತು ತನ್ನ ಕಿವಿಗೆ ಬಿದ್ದು ಗಪ್ಪನೆ ಬಾಯಿ ಮುಚ್ಚಿದಳು.

“ಬರೆಯೋಳು ನೀನೇ ಅಲ್ವಾ? ನಿಂಗೆ ಯಾರ ಅಪ್ಪಣೆ ಬೇಕಿತ್ತು? ಗುರ್‌ವಾರ ಆ ಸಾಹೇಬ್ರಿಗೆ ಕರುಳಿಲ್ಲ ಅಂತ ಬೈಯ್ದ್ಯಲ್ಲೇ!”

ಹತ್ತೊಂಬತ್ತು ಮಂದಿಯೂ ನಕ್ಕರು. ಬಿಸಿಲಿಗೆ ಹೆದರಿ ಬಂದ ನಾಲ್ವರು ಸ್ವಲ್ಪ ಜಾಸ್ತಿಯೇ ನಕ್ಕರು.

ಮರುದಿನವೇ ಲತಾಮಣಿ ಎರಡನೇ ಸಂಪುಟಕ್ಕೆ ಕೂತಳು. ‘ದಳಪತಿ ರುದ್ರಸೇನನಿಗೆ ಹದಿನೈದು ದಿನದ ರಜೆ ಮಂಜೂರಾಯಿತು’ ಎಂಬುದು ಮೊದಲ ವಾಕ್ಯ. ದಳಪತಿ ಮನೆಗೆ ಬಂದ. ಬಿಸಿನೀರು ಹುಯ್ದುಕೊಂಡ, ಮುದ್ದೆ ಬಸ್ಸಾರು ಉಂಡ, ಸೋರುವ ನಲ್ಲಿ ರಿಪೇರಿ ಮಾಡಿದ, ಹೆಂಡತಿಯ ಜೊತೆ ಮೆಟ್ಟಿಲ ಮೇಲೆ ಕೂತು ಸುಮ್ಮನೆ ಬೀದಿ ನೋಡಿದ. ಹದಿನೈದು ದಿನ ನಲವತ್ತಾಯಿತು. ನೂರು ಪುಟ ದಾಟಿತು. ಇವತ್ತು ಅವನನ್ನು ಕಳಿಸಿಯೇ ಸೈ ಎಂದು ಲತಾಮಣಿ ಪೆನ್ನು ಹಿಡಿಯುವಳು. ಅರ್ಧ ಗಂಟೆಯ ಮೇಲೆ ನೋಡಿದರೆ ಅವನ ತಟ್ಟೆಗೆ ಇನ್ನೊಂದು ಮುದ್ದೆ ಬಿದ್ದಿರುತ್ತಿತ್ತು. ಹಸ್ತಪ್ರತಿ ನೋಡಿದ ಇಂದುಧರ ಮೇಷ್ಟ್ರು, “ಮೇಡಂ, ಅಷ್ಟರಲ್ಲಿ ಶತ್ರುಗಳು ಬೇಜಾರಾಗಿ ಮನೆಗೆ ಹೋಗಿರ್ತಾರೆ,” ಎಂದರು.

ಸಂಕ್ರಾಂತಿ ಕಳೆದ ಮೇಲೆ ರವಿಕುಮಾರನಿಗೂ ರಜೆ ಸಿಕ್ಕಿತು. ಬಂದ ಮೂರನೇ ದಿನ, ಇನ್ನು ತಡೆಯಲಾರದೆ ಲತಾಮಣಿ ಸೊಂಟದ ಮೇಲೆ ಕೈಯಿಟ್ಟು ಎದುರು ನಿಂತಳು.

“ಈಗ ಹೇಳಿ. ಸಿಗ್ನಲ್ ಚೆನ್ನಾಗಿದೆ.”

ರವಿಕುಮಾರ್ ನೆಲ ನೋಡಿದ. “ಒಂಬತ್ತನೇ ಪುಟದಲ್ಲಿ ದಳಪತಿ ಹೆಂಡ್ತಿ ಬಾಗಿಲಲ್ಲಿ ನಿಂತು ಕೈ ಬೀಸ್ತಾಳಲ್ಲ, ಅದರಿಂದ ಮುಂದಕ್ಕೆ ಹೋಗೋಕೆ ಆಗ್ಲಿಲ್ಲ ಕಣೇ. ಎಷ್ಟೋ ಸಲ ತೆಗ್ದೆ. ಒಂದು ರೂಮಲ್ಲಿ ಎಂಟು ಜನ ಇರ್ತೀವಿ. ಅಲ್ಲಿ ಅಳೋ ಹಾಗಿಲ್ಲ.”

ಅಂದರೆ ಉಲ್ಕೆಗಳ ಕಾಳಗ, ಶನಿಯ ಬಳೆಗಳ ಮುತ್ತಿಗೆ, ಮುನ್ನೂರ ಮೂರು ಪುಟಗಳ ರಣೋತ್ಸಾಹ ಯಾವುದನ್ನೂ ಅವನು ನೋಡಿಯೇ ಇರಲಿಲ್ಲ. ಲತಾಮಣಿ ಜಗಳಕ್ಕೆಂದು ಜೋಡಿಸಿಟ್ಟುಕೊಂಡ ಮಾತೆಲ್ಲ ಮರೆತುಹೋಗಿ, ಒಳಗೆ ಹೋಗಿ ಕಾಫಿಗೆ ಇಟ್ಟಳು.

ಎರಡನೇ ಸಂಪುಟದ ಹಸ್ತಪ್ರತಿಯನ್ನು ಮಾತ್ರ ಅವನು ಒಂದೇ ಮಧ್ಯಾಹ್ನದಲ್ಲಿ ಓದಿ ಮುಗಿಸಿದ. “ಇದು ಚೆನ್ನಾಗಿದೆ. ಆದ್ರೆ ಇಷ್ಟು ರಜೆ ಯಾವ ಸೈನ್ಯದಲ್ಲೂ ಕೊಡಲ್ಲ. ಇವನನ್ನ ಕಳಿಸು.”

“ನನ್ನ ಕೈಲಿ ಆಗಲ್ಲ ರೀ.”

ಅವನು ಮತ್ತೆ ಆ ಮಾತು ಎತ್ತಲಿಲ್ಲ. ಹೊರಡುವ ದಿನ ಬಂತು. ಅರಸೀಕೆರೆ ಸ್ಟೇಷನ್ನಿನಲ್ಲಿ ರೈಲು ಇನ್ನೇನು ಹೊರಡಬೇಕು, ಕಿಟಕಿಯಿಂದ ಮಡಿಸಿದ ಹಾಳೆಯೊಂದನ್ನು ಅವಳ ಕೈಗಿತ್ತ. “ಹೊರಡೋದು ನಂಗೆ ರೂಢಿ. ಅದನ್ನ ನಾನೇ ಬರ್ದಿದೀನಿ.”

ರೈಲು ಹೋದ ಮೇಲೆ ಬೆಂಚಿನ ಮೇಲೆ ಕೂತು ಓದಿದಳು. ಶುರುವೆಲ್ಲ ದಳಪತಿ ಚೀಲಕ್ಕೆ ತುಂಬಿಕೊಂಡ ಸಾಮಾನು, ಥೇಟ್ ಸ್ಟೋರಿನ ಪಟ್ಟಿ: ಚಟ್ನಿಪುಡಿ ಡಬ್ಬ ಒಂದು, ಉಣ್ಣೆ ಕಾಲುಚೀಲ ಎರಡು ಜೊತೆ, ಹುರಿಗಾಳು ಅರ್ಧ ಕೆಜಿ. ಆಮೇಲೆ ನಾಲ್ಕು ಸಾಲು. ‘ಬಾಗಿಲಲ್ಲಿ ಹೆಂಡತಿ ಏನೋ ಹೇಳಲು ಬಂದಳು. ಹೇಳಲಿಲ್ಲ. ಅವನೂ ಕೇಳಲಿಲ್ಲ, ಕೇಳಿದ್ದರೆ ಹೋಗಲು ಆಗುತ್ತಿರಲಿಲ್ಲ. ಹೋದ.’

ಒಂದಕ್ಷರವೂ ತಿದ್ದದೆ, ಪಟ್ಟಿಯ ಸಮೇತ ಅದನ್ನು ಹಾಗೇ ಕಾದಂಬರಿಗೆ ಸೇರಿಸಿದಳು.

ಎರಡನೇ ಸಂಪುಟ ಅಚ್ಚಾಗಿ ಬಂದಾಗ ಬೇಲೂರಿನ ಬಳಗ ಮತ್ತೆ ಕರೆಯಿತು. ಏಕಾಂತಯ್ಯನವರು ಆ ಪುಟವನ್ನು ಗಟ್ಟಿಯಾಗಿ ಓದಲು ಹೋಗಿ, ಕಾಲುಚೀಲದ ಹತ್ತಿರವೇ ನಿಲ್ಲಿಸಿ, ಕನ್ನಡಕ ತೆಗೆದು ಒರೆಸಿಕೊಂಡರು. “ಎರಡು ಸಂಪುಟದಲ್ಲಿ ನಿಮ್ಮ ನಿಜವಾದ ಪ್ರತಿಭೆ ಕಾಣೋದು ಈ ಒಂದೇ ಪುಟದಲ್ಲಿ ಮೇಡಂ. ಮುಂದಿನದೆಲ್ಲ ಹೀಗೇ ಬರೀರಿ,” ಎಂದು ಜರಿಯಂಚಿನ ಶಾಲು ಹೊದಿಸಿದರು. “ಅದು ನಾನು...” ಎಂದು ಲತಾಮಣಿ ಬಾಯಿ ತೆಗೆಯುವಷ್ಟರಲ್ಲಿ ಚಪ್ಪಾಳೆ ಶುರುವಾಗಿ, ಮುಗಿಯುವಷ್ಟರಲ್ಲಿ ಧೈರ್ಯ ಹೋಗಿತ್ತು.

ಮನೆಗೆ ಬಂದ ತಕ್ಷಣ ಗಂಡನಿಗೆ ಫೋನು ಹಚ್ಚಿ, ಆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಒಪ್ಪಿಸಿದಳು.

ರವಿಕುಮಾರ್ ತುಂಬಾ ಹೊತ್ತು ನಕ್ಕ. ಆಮೇಲೆ ಕೇಳಿದ, “ಶಾಲು ಯಾವ ಬಣ್ಣದ್ದು?”

“ಹೇಳಲ್ಲ. ಬಂದು ನೋಡ್ಕೊಳಿ.”