ಒನೊರಾತೊ ಸರ್ ಅಳೆದ ತೆಂಗಿನಮರ

ಚಂಡಮಾರುತ ಬರುತ್ತದೆಂದು ರೇಡಿಯೊ ಹೇಳಿದ್ದೇ ತಡ, ಪಕ್ಕದ ಮನೆಯ ಬಸಿಲಿಸಾಳ ಕಣ್ಣು ಲೆಕ್ಕದ ಮೇಷ್ಟ್ರು ಒನೊರಾತೊ ಅವರ ತೆಂಗಿನಮರದ ಮೇಲೆ ಬಿತ್ತು.

“ಸರ್, ಅದು ನನ್ ಸೂರಿನ ಮೇಲೇ ಬೀಳೋದು. ಕಡಿಸಿ.”

ಊರಿನ ಆಡಳಿತ ನೋಡುವ ಕ್ಯಾಪ್ಟನ್ ಗರಗಸ ಹಿಡಿದುಕೊಂಡೇ ಬಂದ. ಯಾವುದೇ ಸೂರಿಗೆ ತಾಗುವ ಮರ ಸಂಜೆಯೊಳಗೆ ಉರುಳಬೇಕೆಂದು ಅವನ ಆಜ್ಞೆ.

ಇಡೀ ಲೇಯ್ತೆ ದ್ವೀಪದಲ್ಲೇ ಅಷ್ಟು ಸಿಹಿ ಕಳ್ಳು ಕೊಡುವ ಮರ ಇನ್ನೊಂದಿಲ್ಲ ಎಂದು ಸರ್ ಅವರ ನಂಬಿಕೆ.

“ತಾಗಲ್ಲ. ಅಳೆದು ತೋರಿಸ್ತೀನಿ.”

“ಬುಡದಲ್ಲಿ ನಿಮ್ ಹಂದಿ ಮರಿ ಹಾಕಿದೆ. ಹತ್ರ ಹೋದ್ರೆ ತೊಡೆ ಕಿತ್ಕೊಳ್ಳತ್ತೆ!” ಎಂದಳು ಬಸಿಲಿಸಾ.

“ಹತ್ರ ಹೋಗೋದೇ ಬೇಡ.”

ದಾರಕ್ಕೆ ಕಲ್ಲು ಕಟ್ಟಿ ಕೋನಮಾಪಕಕ್ಕೆ ಇಳಿಬಿಟ್ಟು, ಪರಂಗಿ ಎಲೆಯ ದಂಟಿನೊಳಗಿಂದ ತುದಿಯನ್ನು ನೋಡುತ್ತ ಸರ್ ಹಿಂದೆ ಹಿಂದೆ ಸರಿದರು. ಬಸಿಲಿಸಾ ಬಟ್ಟೆ ಒಣಹಾಕಿದ ಹಗ್ಗ ತಗುಲಿ, ಅವಳ ಲಂಗ ಬಿಷಪ್ಪರ ಟೋಪಿಯಂತೆ ಅವರ ತಲೆಯ ಮೇಲೆ ಕೂತಿತು. ಸರ್ ಅದನ್ನು ತೆಗೆಯಲೂ ಇಲ್ಲ.

“ಇಲ್ಲಿ ನಲವತ್ತೈದು ಡಿಗ್ರಿ! ಅಂದ್ರೆ ನನ್ನ ಕಣ್ಣಿಂದ ಮೇಲಕ್ಕೆ ಮರ ಎಷ್ಟೋ, ಬುಡಾನೂ ಅಷ್ಟೇ ದೂರ.”

“ಅದೇ ಎಷ್ಟು ಅಂತ?” ಎಂದ ಕ್ಯಾಪ್ಟನ್.

ಐದು ಮೀಟರು ಹತ್ತು ಸೆಂಟಿ ಮುಂದೆ ನಡೆದರೆ ಕೋನ ಅರವತ್ತು. ಸರ್ ಎರಡು ಟ್ಯಾನ್‌ಗಳನ್ನು ಒಂದು ಸಮೀಕರಣದಲ್ಲಿ ಕೂರಿಸಿ ಮರಳಲ್ಲಿ ಬಿಡಿಸಿದರು. ತಮ್ಮ ಕಣ್ಣಿನ ಎತ್ತರವನ್ನೂ ಕೂಡಿಸಿದರು. ಮೊದಲು ನಿಂತ ಜಾಗದಿಂದ ಬಸಿಲಿಸಾಳ ಸೂರಿನವರೆಗೂ ಅಳೆದರು.

“ಮರ ಹದಿಮೂರು ಅರವತ್ತು. ನಿಮ್ ಸೂರು ಬುಡದಿಂದ ಹದಿನಾಲ್ಕೂವರೆ ಮೀಟರು ದೂರ.”

“ಕೋಳಿ ಕೆದಕಿದಂಗೆ ಗೀಚಿದ್ರೆ ನಂಬ್ತೀನಾ?” ಎಂದಳು ಬಸಿಲಿಸಾ.

ಮರದಿಂದ ಮರಕ್ಕೆ ಕಟ್ಟಿದ ಬಿದಿರಿನ ಮೇಲೆ ನಡೆಯುತ್ತಿದ್ದ ಕಳ್ಳಿಳಿಸುವ ತಾಸ್ಯೊನನ್ನು ಕ್ಯಾಪ್ಟನ್ ಕೂಗಿದ. ತಾಸ್ಯೊ ಬಿದಿರಿನ ಮೇಲೆಯೇ ಈ ಮರಕ್ಕೆ ಬಂದು, ತುದಿಯಿಂದ ಕಲ್ಲು ಕಟ್ಟಿದ ದಾರ ಇಳಿಬಿಟ್ಟು, ಅಳತೆಗೆ ಗಂಟು ಹಾಕಿ ಕೆಳಗೆಸೆದ. ಕೆಳಗಿದ್ದವರು ದಾರಕ್ಕೆ ಟೇಪು ಹಿಡಿದರು.

ಹದಿಮೂರು ಮೀಟರು, ಅರವತ್ತು ಸೆಂಟಿ.

ಕ್ಯಾಪ್ಟನ್ ಟೋಪಿ ತೆಗೆದ. ಮರ ಆವರೆಗೆ ತನ್ನ ಎತ್ತರವನ್ನು ಗುಟ್ಟಾಗಿ ಇಟ್ಟುಕೊಂಡಿತ್ತು. ಈಗ ಎರಡು ಕೋನಗಳಿಗೆ ಸೋತು ಬಾಯಿಬಿಟ್ಟಂತೆ ಎಲ್ಲರೂ ಒಮ್ಮೆ ಮರವನ್ನು, ಒಮ್ಮೆ ಮರಳನ್ನು ನೋಡಿದರು. ಬಸಿಲಿಸಾ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು.

ಸಂತೆಯಿಂದ ಆಗಷ್ಟೇ ಬಂದಿದ್ದ ಸರ್ ಹೆಂಡತಿ ಡೆಲ್ಫಿನಾಳ ಕಣ್ಣಲ್ಲಿ ನೀರು.

“ಇಪ್ಪತ್ತು ವರ್ಷ ಸಂಸಾರ ಮಾಡಿದ್ರೂ ನಿಮ್ಮನ್ನ ಅರ್ಥನೇ ಮಾಡ್ಕೊಳ್ಳಿಲ್ಲ ಕಣ್ರೀ. ಹದಿಮೂರು ಅರವತ್ತು, ಅಲ್ವಾ?”

“ಒಂದು ಸೆಂಟಿನೂ ಹೆಚ್ಚುಕಮ್ಮಿ ಇಲ್ಲ!”

“ನಮ್ ಅಡುಗೆಮನೆ ಅದ್ರ ಬುಡದಿಂದ ನಾಲ್ಕೇ ಹೆಜ್ಜೆ.” ಅವಳು ಕ್ಯಾಪ್ಟನ್ ಕಡೆ ತಿರುಗಿದಳು. “ಹಂದೀನ ನಾನು ಆಚೆ ಹೊಡೀತೀನಿ. ಕಡೀರಿ.”

ಸರ್ ಮರಳಿನ ಮೇಲಿನ ಲೆಕ್ಕವನ್ನು ಕಾಲಲ್ಲಿ ಅಳಿಸತೊಡಗಿದರು.

“ಯಾವ ಕಡೆ ಉರುಳಿಸೋದು?” ಕ್ಯಾಪ್ಟನ್ ಕೇಳಿದ.

“ನನ್ ಮನೆ ಕಡೆಗೇ ಉರುಳ್ಸಿ,” ಬಸಿಲಿಸಾ ಭಕ್ತಿಯಿಂದ ಕೈಮುಗಿದಳು. “ತಾಗಲ್ಲ ಅಂತ ಸರ್ ಲೆಕ್ಕ ಹಾಕಿದಾರಲ್ಲ!”